ಆಪ್ಷನ್ ಎಂಟ್ರಿಗೆ ಕೂರುವ ಮಗುವಿಗೆ ಒಂದು ಹಾಳೆ ಕೊಡಿ: ಪರೀಕ್ಷಾ ಪ್ರಾಧಿಕಾರಕ್ಕೆ ಬಹಿರಂಗ ಪತ್ರ

ಕಾರ್ಯನಿರ್ವಾಹಕ ನಿರ್ದೇಶಕರು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮತ್ತು ಉನ್ನತ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ಸಿಇಟಿ ರ‍್ಯಾಂಕ್ ಬಂದ ದಿನದಿಂದ ಪಿಯು ಕಾಲೇಜಿನ ಮೇಷ್ಟ್ರುಗಳ ಫೋನಿಗೆ ಬಿಡುವಿರುವುದಿಲ್ಲ. ಎಲ್ಲರೂ ಕೇಳುವುದು ಒಂದೇ. "ಸಾರ್, ಇಷ್ಟು ರ‍್ಯಾಂಕ್ ಬಂದಿದೆ. ಯಾವ ಕಾಲೇಜು ಹಾಕಲಿ?" ನಾನು ಹಿರಿಯೂರು ಕಡೆಯ ಒಂದು ಪಿಯು ಕಾಲೇಜಿನಲ್ಲಿ ಭೌತವಿಜ್ಞಾನ ಹೇಳಿಕೊಡುತ್ತೇನೆ. ಈ ಪ್ರಶ್ನೆಗೆ ಉತ್ತರ ಹೇಳುವುದು ನನ್ನ ಕೆಲಸವೆಂದು ಯಾವ ಆದೇಶದಲ್ಲೂ ಬರೆದಿಲ್ಲ. ನಿಮ್ಮ ಕೆಲಸವೆಂದೂ ಯಾರೂ ಹೇಳಿದಂತೆ ಕಾಣುವುದಿಲ್ಲ. ಪರೀಕ್ಷೆ ನಡೆಸುವುದು, ರ‍್ಯಾಂಕ್ ಕೊಡುವುದು, ಸೀಟು ಹಂಚುವುದು ನಿಮ್ಮದು. ನಡುವೆ ಇರುವ ಆಯ್ಕೆ ಅನ್ನುವ ಕೆಲಸ ಯಾರಿಗೂ ಸೇರಿಲ್ಲ. ಯಾರಿಗೂ ಸೇರದ್ದು ಈಗ ಏಜೆಂಟರ ದಂಧೆಯಾಗಿದೆ. ಅದಕ್ಕೇ ಈ ಪತ್ರ. ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ಆನ್‌ಲೈನ್‌ನಲ್ಲಿ ತುಂಬುವ ಆಪ್ಷನ್ ಎಂಟ್ರಿಗೆ ಮಗು ಕೂರುವಾಗ, ಪ್ರತಿ ಕಾಲೇಜಿನ ನಿಜ ವಿವರ ಇರುವ ಒಂದು ಹಾಳೆ ಅದರ ಮುಂದಿರಲಿ ಅನ್ನುವುದು ನನ್ನ ಕೋರಿಕೆ.

ನಿಮ್ಮನ್ನು ಬೈಯಲು ಕೂತಿಲ್ಲ, ನಂಬಿ. ಸಿಇಟಿ ಬರುವ ಮೊದಲು ಈ ರಾಜ್ಯದಲ್ಲಿ ಎಂಜಿನಿಯರಿಂಗ್ ಸೀಟು ಹೇಗೆ ಸಿಗುತ್ತಿತ್ತು ಅಂತ ನನ್ನ ವಯಸ್ಸಿನವರಿಗೆ ಗೊತ್ತು. ಕ್ಯಾಪಿಟೇಷನ್ ಶುಲ್ಕ ತಡೆಯಲು 1984ರಲ್ಲೇ ಕಾಯ್ದೆ ಬಂತು, ಆದರೂ ಡೊನೇಷನ್ ನಿಲ್ಲಲಿಲ್ಲ. 1993ರಲ್ಲಿ ಖಾಸಗಿ ಕಾಲೇಜುಗಳ ಸೀಟು, ಶುಲ್ಕಕ್ಕೆ ಕಡಿವಾಣ ಹಾಕಿದ ಸುಪ್ರೀಂ ಕೋರ್ಟಿನ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. ಮರುವರ್ಷ, 1994ರಲ್ಲಿ, ಸಿಇಟಿ ಶುರುವಾಯಿತು. ಅಲ್ಲಿಂದ ರೈತನ ಮಗಳೂ ಡಾಕ್ಟರ ಮಗನೂ ಒಂದೇ ಪಟ್ಟಿಯಲ್ಲಿ ಬಂದರು. ಪಿಸಿಎಂನಲ್ಲಿ (ಭೌತ, ರಸಾಯನ, ಗಣಿತ) ಸಿಇಟಿ ಅಂಕ ಅರ್ಧ, ಪಿಯು ಅಂಕ ಅರ್ಧ ಸೇರಿಸಿ ಎಂಜಿನಿಯರಿಂಗ್ ರ‍್ಯಾಂಕ್ ಕೊಡುವ ಕ್ರಮವೂ ಒಳ್ಳೆಯದೇ. ತರಗತಿಗೆ ಬಂದು ಓದಿದ ಮಗುವಿಗೆ ಅದರಿಂದ ನ್ಯಾಯ ಸಿಗುತ್ತದೆ. ರ‍್ಯಾಂಕ್ ಬರುವವರೆಗೆ ನನಗೆ ನಿಮ್ಮ ಮೇಲೆ ಯಾವ ತಕರಾರೂ ಇಲ್ಲ. ತೊಂದರೆ ಶುರುವಾಗುವುದು ಅದರ ಮಾರನೇ ದಿನ.

ಹಿಂದೆ ಕೌನ್ಸೆಲಿಂಗ್ ಅಂದರೆ ಬೆಂಗಳೂರಿಗೇ ಹೋಗಬೇಕಿತ್ತು. ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಮಲ್ಲೇಶ್ವರಂ 18ನೇ ಕ್ರಾಸಿಗೆ ಹೋಗಿ ಕಾಯಬೇಕಿತ್ತು. ಕಷ್ಟವಿತ್ತು, ಹೌದು. ಆದರೆ ಅಲ್ಲೊಂದು ಅನುಕೂಲವೂ ಇತ್ತು. ನಿಮ್ಮ ಸರದಿ ಬಂದಾಗ ಯಾವ ಕಾಲೇಜಿನ ಯಾವ ಬ್ರಾಂಚಿನಲ್ಲಿ ಸೀಟು ಉಳಿದಿದೆ ಅಂತ ಕಣ್ಣೆದುರಿಗೇ ಕಾಣುತ್ತಿತ್ತು. ಇರುವುದರಲ್ಲಿ ಒಂದನ್ನು ಆರಿಸಿ ಹೊರಗೆ ಬಂದರೆ ಮುಗಿಯಿತು. ಈಗ ಎಲ್ಲ ಆನ್‌ಲೈನ್. ಪ್ರಯಾಣ ಉಳಿಯಿತು, ಆದರೆ ಊಹೆಯ ಭಾರ ಪೂರ್ತಿ ಮಗುವಿನ ತಲೆಗೆ ಬಂತು. ತನಗಿಂತ ಮುಂದಿರುವ ಸಾವಿರಾರು ಮಕ್ಕಳು ಏನು ಬಯಸುತ್ತಾರೆ ಅನ್ನುವುದು ಗೊತ್ತಿಲ್ಲದೆ, ಹದಿನೆಂಟು ವರ್ಷದ ಹುಡುಗ ನೂರಾರು ಕಾಲೇಜು ಕೋಡು, ಬ್ರಾಂಚ್ ಕೋಡುಗಳ ಮುಂದೆ ಕೂರುತ್ತಾನೆ. ಎರಡೂವರೆ ಲಕ್ಷಕ್ಕೂ ಜಾಸ್ತಿ ಮಕ್ಕಳಿಗೆ ಎಂಜಿನಿಯರಿಂಗ್ ರ‍್ಯಾಂಕ್ ಸಿಗುತ್ತದೆ. ಅವರಲ್ಲಿ ಬೆಂಗಳೂರಿನ ದೊಡ್ಡ ಕೋಚಿಂಗ್ ಸೆಂಟರುಗಳ ಮಕ್ಕಳಿಗೆ ಹೇಳುವವರು ಇದ್ದಾರೆ. ಉಳಿದವರು ಸೈಬರ್ ಸೆಂಟರಿನವನನ್ನು ಕೇಳುತ್ತಾರೆ.

ಸೈಬರ್ ಸೆಂಟರಿನವನು ಏನು ಹೇಳುತ್ತಾನೆ ಗೊತ್ತಾ? "ದೊಡ್ಡ ಕಾಲೇಜು ಮೇಲೆ ಹಾಕಬೇಡ, ನಿನ್ನ ರ‍್ಯಾಂಕಿಗೆ ಬರಲ್ಲ. ಅದನ್ನ ಮೇಲೆ ಹಾಕಿದ್ರೆ ಕೆಳಗಿನ ಕಾಲೇಜಿನ ಚಾನ್ಸೂ ಹೋಗುತ್ತೆ." ಈ ಮಾತನ್ನು ನಮ್ಮ ತಾಲ್ಲೂಕಿನಲ್ಲಿ ಅರ್ಧಕ್ಕರ್ಧ ಜನ ನಂಬಿದ್ದಾರೆ. ಇದು ಶುದ್ಧ ಸುಳ್ಳು. ನಿಮ್ಮ ಪ್ರೋಗ್ರಾಮ್ ಕೆಲಸ ಮಾಡುವ ರೀತಿ ಸರಳ. ರ‍್ಯಾಂಕ್ ಪ್ರಕಾರ ಮೇಲಿನಿಂದ ಬರುತ್ತದೆ. ಒಬ್ಬರ ಸರದಿ ಬಂದಾಗ ಅವರ ಪಟ್ಟಿಯನ್ನು ಮೊದಲ ಆಪ್ಷನ್‌ನಿಂದ ಓದುತ್ತದೆ. ಅವರ ವರ್ಗಕ್ಕೆ, ಅವರ ಮೀಸಲಾತಿಗೆ ಸೀಟು ಇದೆಯಾ ನೋಡುತ್ತದೆ. ಇದ್ದರೆ ಕೊಟ್ಟು ಅಲ್ಲೇ ನಿಲ್ಲುತ್ತದೆ. ಇಲ್ಲದಿದ್ದರೆ ಕೆಳಗಿನ ಆಪ್ಷನ್‌ಗೆ ಹೋಗುತ್ತದೆ. ಅಂದರೆ ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಒಂದು ಪೈಸೆ ನಷ್ಟವೂ ಇಲ್ಲ. ಸಿಗಬಹುದಾದ ಸಾಧಾರಣ ಕಾಲೇಜನ್ನು ಹೆದರಿ ಮೇಲೆ ಹಾಕಿದರೆ ಮಾತ್ರ ನಷ್ಟ, ಏಕೆಂದರೆ ಕಂಪ್ಯೂಟರ್ ಅಲ್ಲಿಂದ ಕೆಳಗೆ ಇಳಿಯುವುದೇ ಇಲ್ಲ.

ನನಗೆ ಗೊತ್ತಿರುವ ಒಬ್ಬ ಹುಡುಗಿಗೆ ಹೀಗೇ ಆಯಿತು. ಮನೆಯಿಂದ ಓಡಾಡುವಷ್ಟು ಹತ್ತಿರದ, ಅವಳಿಗೂ ಇಷ್ಟವಿದ್ದ ಕಾಲೇಜು ಅವಳ ರ‍್ಯಾಂಕಿಗೆ ಆರಾಮಾಗಿ ಬರುತ್ತಿತ್ತು. ಯಾರೋ ಹೆದರಿಸಿದರು ಅಂತ ಅದನ್ನು ನಾಲ್ಕನೇದಾಗಿ ಹಾಕಿ, ಗುರುತು ಪರಿಚಯ ಇಲ್ಲದ ಒಂದು ಕಾಲೇಜನ್ನು "ಸೇಫ್" ಅಂತ ಮೊದಲು ಹಾಕಿದಳು. ಮೊದಲ ಸುತ್ತಿನಲ್ಲೇ ಅದು ಸಿಕ್ಕಿತು. ಆಮೇಲೆ ಸರಿಮಾಡಲು ಸುಲಭದ ದಾರಿ ಇರಲಿಲ್ಲ. ಸಿಕ್ಕಿದ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯುವ ಚಾಯ್ಸ್ 2 ಒತ್ತಿದರೂ ಸಿಕ್ಕಿದ ಸೀಟಿಗಿಂತ ಮೇಲಿನ ಆಪ್ಷನ್‌ಗಳಷ್ಟೇ ಮುಂದಿನ ಸುತ್ತಿಗೆ ಉಳಿಯುತ್ತವೆ. ಅವಳಿಗೆ ಮೇಲೆ ಏನೂ ಇರಲೇ ಇಲ್ಲ.

ಇನ್ನೊಂದು ಕಡೆಯ ತಪ್ಪು ಹುಡುಗರದು. ರ‍್ಯಾಂಕ್ ಐವತ್ತು ಸಾವಿರದ ಹತ್ತಿರ ಇರುತ್ತದೆ. ಪಟ್ಟಿಯಲ್ಲಿ ಇರುವುದು ಏಳೆಂಟು ಹೆಸರು, ಎಲ್ಲ ಬೆಂಗಳೂರು, ಎಲ್ಲ ಕಂಪ್ಯೂಟರ್ ಸೈನ್ಸ್. ಮೊದಲ ಸುತ್ತಿನಲ್ಲಿ ಏನೂ ಇಲ್ಲ, ಎರಡನೇದರಲ್ಲೂ ಇಲ್ಲ. ಅಷ್ಟರಲ್ಲಿ "ಮ್ಯಾನೇಜ್‌ಮೆಂಟ್ ಸೀಟು ಇದೆ, ಇವತ್ತೇ ಅಡ್ವಾನ್ಸ್ ಕೊಟ್ಟರೆ ಉಳಿಯುತ್ತೆ" ಅಂತ ಒಂದು ಫೋನು ಬರುತ್ತದೆ. ಅಪ್ಪ ಸೊಸೈಟಿಯಲ್ಲಿ ಸಾಲ ಮಾಡುತ್ತಾರೆ. ಆ ಹುಡುಗ ಇನ್ನೂ ನಲವತ್ತು ಆಪ್ಷನ್ ಹಾಕಿದ್ದರೆ, ಅದೇ ಸಾಲವಿಲ್ಲದೆ ಹಾಸನದಲ್ಲೋ ತುಮಕೂರಿನಲ್ಲೋ ಬಾಗಲಕೋಟೆಯಲ್ಲೋ ಒಳ್ಳೆಯ ಕಡೆ ಸೀಟು ಸಿಗುತ್ತಿತ್ತು.

ಹಾಗಾಗಿ ನನ್ನ ಮೊದಲ ಬೇಡಿಕೆಗೆ ಖರ್ಚೇ ಇಲ್ಲ. ಆಪ್ಷನ್ ಎಂಟ್ರಿ ಪುಟದ ತಲೆಯ ಮೇಲೆ, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಮೂರು ಸಾಲು ಹಾಕಿ. ನಿಮಗೆ ಇಷ್ಟವಾದ ಕ್ರಮದಲ್ಲೇ ಹಾಕಿ. ಸಿಗುವುದಿಲ್ಲ ಅಂತ ಮೇಲಿನದನ್ನು ಬಿಡಬೇಡಿ. ಸಿಕ್ಕರೆ ಸೇರುವುದಿಲ್ಲ ಅನ್ನುವುದನ್ನು ಹಾಕಲೇಬೇಡಿ. ಇಷ್ಟೇ ಸಾಕು. ಕೈಪಿಡಿಯ ಯಾವುದೋ ಪುಟದಲ್ಲಿ ನಿಯಮ ಇದೆ ಅಂದರೆ ಉಪಯೋಗವಿಲ್ಲ. ಆ ಕೈಪಿಡಿಯನ್ನು ಪೂರ್ತಿ ಓದಿದ ಪೋಷಕರು ನನಗಿನ್ನೂ ಸಿಕ್ಕಿಲ್ಲ.

ಇನ್ನು ಕಟ್‌ಆಫ್, ಅಂದರೆ ಒಂದು ಸೀಟು ಯಾವ ರ‍್ಯಾಂಕಿನವರೆಗೆ ಸಿಕ್ಕಿತು ಅನ್ನುವುದು. ನೀವು ಪ್ರತಿ ವರ್ಷ ಪ್ರತಿ ಸುತ್ತಿನ ಕೊನೆಯ ರ‍್ಯಾಂಕುಗಳನ್ನು ಪ್ರಕಟಿಸುತ್ತೀರಿ. ಇದು ದೊಡ್ಡ ಉಪಕಾರ. ಆದರೆ ಅದನ್ನು ಯಾವ ರೂಪದಲ್ಲಿ ಕೊಡುತ್ತೀರಿ ಅಂತ ಒಮ್ಮೆ ಹಳ್ಳಿಯ ಪೋಷಕರ ಕಣ್ಣಿನಿಂದ ನೋಡಿ. ಪುಟಗಟ್ಟಲೆ ಪಿಡಿಎಫ್. ಒಂದೊಂದು ಸಾಲಿನಲ್ಲಿ 24 ಅಂಕಣ. 1ಜಿ, 1ಕೆ, 1ಆರ್, 2ಎಜಿ, 2ಎಕೆ, 2ಎಆರ್, ಹೀಗೇ ಜಿಎಂ, ಎಸ್‌ಸಿ, ಎಸ್‌ಟಿ ತನಕ. ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ ಅಂತ ನಾವು ಮೇಷ್ಟ್ರುಗಳೇ ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ತೋರಿಸುತ್ತೇವೆ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾದ 371(ಜೆ) ಸೀಟುಗಳಿಗೆ ಪಟ್ಟಿಯೇ ಬೇರೆ. ಮೊಬೈಲ್ ಪರದೆಯಲ್ಲಿ ಒಂದು ಸಾಲು ಕೆಳಗೆ ಜಾರಿದರೆ ಬೇರೆ ಬ್ರಾಂಚಿನ ರ‍್ಯಾಂಕ್ ಓದಿಬಿಡುತ್ತಾರೆ. ಈ ಕಷ್ಟದ ಮೇಲೇ ಎಷ್ಟೋ ಖಾಸಗಿ ಆ್ಯಪ್‌ಗಳು ಬದುಕಿವೆ. ನಿಮ್ಮದೇ ಅಂಕಿಗಳನ್ನು ತೆಗೆದುಕೊಂಡು, ಚಂದ ಮಾಡಿ, "ಕಾಲೇಜ್ ಪ್ರೆಡಿಕ್ಟರ್" ಅಂತ ಹೆಸರಿಟ್ಟು, ಮಗುವಿನ ಫೋನ್ ನಂಬರ್ ಕೇಳಿ ಪಡೆಯುತ್ತವೆ. ಆಮೇಲೆ ಆ ನಂಬರಿಗೆ ಯಾವ ಯಾವ ಕಾಲೇಜಿನಿಂದ ಕರೆ ಬರುತ್ತದೆ ಅಂತ ನಿಮಗೂ ಗೊತ್ತು.

ಆ ಪಟ್ಟಿಯನ್ನು ನೀವೇ ಹುಡುಕುವ ಹಾಗೆ ಮಾಡಿಕೊಡಿ. ಮಗು ಲಾಗಿನ್ ಆದಾಗ ಅದರ ರ‍್ಯಾಂಕ್, ವರ್ಗ, ಗ್ರಾಮೀಣ, ಕನ್ನಡ ಮಾಧ್ಯಮ ಎಲ್ಲ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಅದಕ್ಕೆ ಸಂಬಂಧಪಟ್ಟ ಒಂದೆರಡು ಅಂಕಣ ಮಾತ್ರ ತೋರಿಸಿದರೆ ಆಯಿತು. ಅದೂ ಒಂದು ವರ್ಷದ್ದಲ್ಲ, ಮೂರು ವರ್ಷದ್ದು. ಕಾರಣ ಇದೆ. ಪಿಯುಗೆ ಈಗ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಕೆಲವು ವರ್ಷ ಪ್ರಶ್ನೆಪತ್ರಿಕೆ ಸುಲಭ, ಅಂಕ ಉಬ್ಬುತ್ತದೆ, ಅದೇ ಶ್ರಮಕ್ಕೆ ರ‍್ಯಾಂಕ್ ಹಿಂದೆ ಹೋಗುತ್ತದೆ. ಕಾಲೇಜುಗಳು ಸೀಟು ಹೆಚ್ಚಿಸಿಕೊಂಡರೆ ಕೊನೆಯ ರ‍್ಯಾಂಕ್ ಇದ್ದಕ್ಕಿದ್ದಂತೆ ಸಾವಿರಗಟ್ಟಲೆ ಇಳಿಯುತ್ತದೆ. ಹೋದ ವರ್ಷದ ಒಂದೇ ಅಂಕಿ ನೋಡಿ ತೀರ್ಮಾನ ಮಾಡುವುದು ಹೋದ ವರ್ಷದ ಮಳೆ ನೋಡಿ ಈ ವರ್ಷ ಶೇಂಗಾ ಬಿತ್ತಿದ ಹಾಗೆ. ನಮ್ಮ ಕಡೆಯವರಿಗೆ ಇದರ ಫಲ ಗೊತ್ತು.

ಆದರೆ ಕಟ್‌ಆಫ್ ಹೇಳುವುದು ಯಾವ ಕಾಲೇಜು ಸಿಗುತ್ತದೆ ಅನ್ನುವುದನ್ನು ಮಾತ್ರ. ಆ ಮಗುವಿಗೆ ಅದು ಹೊಂದುತ್ತದಾ ಅನ್ನುವುದನ್ನು ಹೇಳುವುದಿಲ್ಲ. ನನಗೆ ಮುಖ್ಯ ಅನಿಸುವ ವಿಷಯ ಇದೇ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಊರಿನಲ್ಲಿ ಒಳ್ಳೆಯ ಕಾಲೇಜು ಅಂದರೆ ಕಟ್‌ಆಫ್ ಮೇಲಿರುವ ಕಾಲೇಜು. ಕಟ್‌ಆಫ್ ಯಾಕೆ ಮೇಲಿದೆ? ಎಲ್ಲರೂ ಅದನ್ನೇ ಮೊದಲು ಹಾಕುತ್ತಾರೆ, ಅದಕ್ಕೆ. ಎಲ್ಲರೂ ಯಾಕೆ ಹಾಕುತ್ತಾರೆ? ಕಟ್‌ಆಫ್ ಮೇಲಿದೆ, ಅದಕ್ಕೆ. ಒಳಗೆ ಏನು ಪಾಠ ನಡೆಯುತ್ತದೆ, ಸೇರಿದವರಲ್ಲಿ ಎಷ್ಟು ಜನ ನಾಲ್ಕು ವರ್ಷಕ್ಕೆ ಪಾಸಾಗಿ ಹೊರಗೆ ಬರುತ್ತಾರೆ, ಹಾಸ್ಟೆಲ್ ಇದೆಯಾ, ಕ್ಯಾಂಪಸ್ ಕೆಲಸದಲ್ಲಿ ನಡುವಿನ ಸಂಬಳ ಎಷ್ಟು, ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರ ಸಿಗುವ ಜಾಗ ಇಲ್ಲ. ತುಮಕೂರು ದಾಟಿ ಬೆಂಗಳೂರಿಗೆ ಹೋಗುವಾಗ ಹೆದ್ದಾರಿ ಬದಿಯ ಬೋರ್ಡುಗಳಲ್ಲಿ "ಶೇ 100 ಪ್ಲೇಸ್‌ಮೆಂಟ್" ಕಾಣುತ್ತದೆ, "ಅತಿ ಹೆಚ್ಚು ಪ್ಯಾಕೇಜ್" ಕಾಣುತ್ತದೆ. ಅತಿ ಹೆಚ್ಚು ಅನ್ನುವುದು ಒಬ್ಬ ಹುಡುಗನ ಸಂಬಳ. ಉಳಿದ ಮುನ್ನೂರು ಮಕ್ಕಳದು ಏನಾಯಿತು ಅಂತ ಬೋರ್ಡಿನಲ್ಲಿ ಜಾಗ ಇರುವುದಿಲ್ಲ.

ಆ ಮಾಹಿತಿ ಇಲ್ಲವೇ ಇಲ್ಲ ಅಂತಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ 2016ರಿಂದ ಬರುತ್ತಿದೆ. ಅದಕ್ಕೆ ಅರ್ಜಿ ಹಾಕುವ ಪ್ರತಿ ಕಾಲೇಜು ಎಷ್ಟು ಮಕ್ಕಳನ್ನು ಸೇರಿಸಿಕೊಂಡಿತು, ಎಷ್ಟು ಜನ ಸರಿಯಾದ ಅವಧಿಗೆ ಪದವಿ ಮುಗಿಸಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಅವರ ಸಂಬಳದ ಮಧ್ಯದ ಅಂಕಿ ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು ಅಂತ ಬರೆದುಕೊಡಬೇಕು. ಕೊಟ್ಟಿದ್ದನ್ನು ತನ್ನ ವೆಬ್‌ಸೈಟಿನಲ್ಲೂ ಹಾಕಬೇಕು. ತಾಂತ್ರಿಕ ಕಾಲೇಜುಗಳಿಗೆ ಅನುಮತಿ ಕೊಡುವ ಕೇಂದ್ರದ ಎಐಸಿಟಿಇ ಕೂಡ ಅಧ್ಯಾಪಕರು, ಶುಲ್ಕ, ಸೌಲಭ್ಯಗಳ ವಿವರವನ್ನು ಕಡ್ಡಾಯವಾಗಿ ಪ್ರಕಟಿಸಿ ಅನ್ನುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಹತ್ತಿರ ಕಾಲೇಜುವಾರು ಫಲಿತಾಂಶ ಇದೆ. ಎಲ್ಲವೂ ಇದೆ. ಆದರೆ ಒಂದೊಂದೂ ಒಂದೊಂದು ಕಡೆ, ಇಂಗ್ಲಿಷಿನಲ್ಲಿ, ಕಾಲೇಜಿನ ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ. ಮುಖಪುಟದಲ್ಲಿ ಮಾತ್ರ ನಗುವ ಹುಡುಗಿಯ ಫೋಟೋ.

ಇದೆಲ್ಲವನ್ನೂ ಕಾಲೇಜಿಗೊಂದು ಹಾಳೆಯಂತೆ ಒಟ್ಟುಮಾಡಿ, ಆಪ್ಷನ್ ಪುಟದಲ್ಲಿ ಕಾಲೇಜಿನ ಹೆಸರಿನ ಪಕ್ಕದಲ್ಲೇ ಇಡಿ ಅನ್ನುವುದು ನನ್ನ ಮುಖ್ಯ ಬೇಡಿಕೆ. ಒಂದೇ ಹಾಳೆ, ಕನ್ನಡದಲ್ಲಿ. ಮಾಹಿತಿ ಕೊಡದ ಕಾಲೇಜಿನ ಹಾಳೆಯಲ್ಲಿ "ಕಾಲೇಜು ಮಾಹಿತಿ ಕೊಟ್ಟಿಲ್ಲ" ಅಂತ ಬರೆದುಬಿಡಿ. ಅದೊಂದೇ ಸಾಲು ಪೋಷಕರಿಗೆ ಬೇಕಾದ್ದನ್ನು ಹೇಳುತ್ತದೆ. ಸೀಟು ಹಂಚುವವರು ನೀವಾದ್ದರಿಂದ ಯಾವ ಕಾಲೇಜೂ ನಿಮಗೆ ಇಲ್ಲ ಅನ್ನುವುದಿಲ್ಲ. ನಮ್ಮಂಥವರು ಆರ್‌ಟಿಐ ಹಾಕಿ ಕೂತರೆ ಮಕ್ಕಳು ಎಂಜಿನಿಯರಿಂಗ್ ಮುಗಿಸಿರುತ್ತಾರೆ.

ಹಾಳೆಯಲ್ಲಿ ಹಣದ ವಿಷಯ ಪೂರ್ತಿ ಇರಲಿ. ಖಾಸಗಿ ಕಾಲೇಜಿನಲ್ಲಿ ಸಾಮಾನ್ಯವಾಗಿ ನೂರರಲ್ಲಿ 45 ಸೀಟು ನಿಮ್ಮ ಮೂಲಕ, 30 ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್‌ಕೆ ಮೂಲಕ, 25 ಆಡಳಿತ ಮಂಡಳಿಯ ಮೂಲಕ ತುಂಬುತ್ತವೆ. ಒಂದೇ ಬೆಂಚಿನಲ್ಲಿ ಕೂರುವ ಮೂವರ ಶುಲ್ಕ ಮೂರು ಥರ. ಇದು ಹಳ್ಳಿಯವರಿಗೆ ಗೊತ್ತಿರುವುದಿಲ್ಲ. ಸರ್ಕಾರಿ ಸೀಟು ಸಿಕ್ಕಿ, ನಿಮಗೆ ಶುಲ್ಕ ಕಟ್ಟಿ, ಆರ್ಡರ್ ಹಿಡಿದು ಹೋದ ಮೇಲೂ "ಸ್ಕಿಲ್ ಟ್ರೈನಿಂಗ್ ಫೀ", "ಇತರೆ ಶುಲ್ಕ" ಅಂತ ಕಟ್ಟಿಸಿಕೊಳ್ಳುವ ಕಾಲೇಜುಗಳಿವೆ. ಸೇರುವ ದಿನ ಆಫೀಸಿನ ಕಿಟಕಿಯ ಮುಂದೆ ನಿಂತ ಅಪ್ಪನಿಗೆ ಜಗಳ ಆಡುವ ಧೈರ್ಯ ಎಲ್ಲಿ ಬರಬೇಕು? ಹಾಸ್ಟೆಲ್, ಊಟ, ಬಸ್ಸು ಸೇರಿ ವರ್ಷಕ್ಕೆ ಎಷ್ಟಾಗುತ್ತದೆ ಅಂತ ಕಾಲೇಜೇ ಬರೆದುಕೊಡಲಿ, ಅದಕ್ಕಿಂತ ಜಾಸ್ತಿ ಕೇಳಿದರೆ ದೂರು ಕೊಡಲು ಒಂದು ನಂಬರ್ ಅದೇ ಹಾಳೆಯಲ್ಲಿರಲಿ. ಹತ್ತಿರದಲ್ಲಿ ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ ಇದೆಯಾ ಅನ್ನುವುದೂ ಇರಲಿ. ನಮ್ಮ ಎಷ್ಟೋ ಮಕ್ಕಳ ಪಾಲಿಗೆ ಕಾಲೇಜಿನ ಹೆಸರಿಗಿಂತ ಇದೇ ದೊಡ್ಡ ವಿಷಯ.

ಎಸ್‌ಎನ್‌ಕ್ಯೂ, ಅಂದರೆ ಸೂಪರ್‌ನ್ಯೂಮರರಿ ಕೋಟಾದ ಬಗ್ಗೆ ಒಂದು ಮಾತು. ಮನೆಯ ಆದಾಯ ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಇದ್ದರೆ ಶೇ 5ರಷ್ಟು ಹೆಚ್ಚುವರಿ ಸೀಟುಗಳಲ್ಲಿ ಬೋಧನಾ ಶುಲ್ಕ ಮನ್ನಾ ಇದೆ. ನಮ್ಮ ತಾಲ್ಲೂಕಿನ ಬಹುತೇಕ ಮನೆಗಳು ಇದಕ್ಕೆ ಬರುತ್ತವೆ. ಕೇಳಿ ನೋಡಿ, ಹತ್ತರಲ್ಲಿ ಎಂಟು ಮಂದಿಗೆ ಆ ಮೂರಕ್ಷರ ಏನು ಅಂತ ಗೊತ್ತಿಲ್ಲ. ಗ್ರಾಮೀಣ ಕೋಟಾದ್ದೂ ಅದೇ ಕತೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿರುತ್ತಾರೆ, ಅರ್ಜಿ ತುಂಬುವಾಗ ಆ ಜಾಗದಲ್ಲಿ "ಇಲ್ಲ" ಅಂತ ಒತ್ತಿರುತ್ತಾರೆ. ಸಾಮಾನ್ಯ ವರ್ಗದವರಿಗೆ ಗ್ರಾಮೀಣ ಪ್ರಮಾಣಪತ್ರದ ಜೊತೆ ಕೆನೆಪದರಕ್ಕೆ ಸೇರಿಲ್ಲ ಅನ್ನುವ ಪತ್ರವೂ ಬೇಕು ಅಂತ ತಿಳಿಯುವುದು ದಾಖಲೆ ಪರಿಶೀಲನೆಯ ಹೊತ್ತಿಗೆ.

ಈಗ ಬ್ರಾಂಚಿನ ಹುಚ್ಚಿಗೆ ಬರೋಣ. ಒಂದು ಕೋರ್ಸಿಗೆ ಇಷ್ಟೇ ಸೀಟು ಅನ್ನುವ ಮಿತಿಯನ್ನು ಎಐಸಿಟಿಇ 2024-25ರಿಂದ ತೆಗೆಯಿತು. ಅಲ್ಲಿಂದ ಬೆಂಗಳೂರಿನ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಏರುತ್ತಲೇ ಇದೆ. ಕಂಪ್ಯೂಟರ್ ಸೈನ್ಸ್, ಎಐ ಮತ್ತು ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಅಂತ ಒಂದೇ ಮನೆಯ ನಾಲ್ಕು ಬಾಗಿಲಿಗೆ ನಾಲ್ಕು ಹೆಸರು. ಮೊದಲ ಎರಡು ವರ್ಷದ ಪಾಠ ಹೆಚ್ಚುಕಡಿಮೆ ಒಂದೇ. ಅಷ್ಟು ಸೀಟಿಗೆ ಪಾಠ ಹೇಳುವವರು ಎಲ್ಲಿಂದ ಬಂದರು ಅಂತ ಯಾರಾದರೂ ಲೆಕ್ಕ ಕೇಳಿದ್ದಾರಾ? ಒಂದು ಬ್ರಾಂಚಿನಲ್ಲಿ ಎಷ್ಟು ಸೆಕ್ಷನ್, ಎಷ್ಟು ಜನ ಕಾಯಂ ಅಧ್ಯಾಪಕರು ಅನ್ನುವುದೂ ಹಾಳೆಯಲ್ಲಿ ಬರಲಿ. ಇನ್ನೊಂದು ಕಡೆ ಸಿವಿಲ್, ಮೆಕ್ಯಾನಿಕಲ್ ಸೀಟುಗಳು ಪ್ರತಿ ವರ್ಷ ಖಾಲಿ ಬೀಳುತ್ತವೆ. ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿ ಜೋಡಿಸುವ ಹುಡುಗ ನನ್ನ ತರಗತಿಯಲ್ಲೇ ಇದ್ದ. ಮೆಕ್ಯಾನಿಕಲ್ ಅಂದ ಕೂಡಲೇ ಅವನ ಮಾವ "ಅದಕ್ಕೆ ಕೆಲಸ ಎಲ್ಲಿದೆ" ಅಂದರು. ಮಾವ ಹೇಳಿದ್ದರಲ್ಲಿ ಸತ್ಯ ಎಷ್ಟು ಅಂತ ತೋರಿಸಲು ನನ್ನ ಕೈಯಲ್ಲಿ ಬ್ರಾಂಚುವಾರು ಅಂಕಿಗಳು ಇರಲಿಲ್ಲ. ನಾನೂ ನನ್ನ ಅಭಿಪ್ರಾಯ ಹೇಳಿದೆ, ಅವರೂ ಅವರ ಅಭಿಪ್ರಾಯ ಹೇಳಿದರು. ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಹೇಳಬೇಕಾ?

ಬೆಂಗಳೂರಿನ ಆಚೆಗೂ ಕಾಲೇಜುಗಳಿವೆ ಅನ್ನುವುದನ್ನು ಮಕ್ಕಳು ಮರೆತಿದ್ದಾರೆ, ನಾವೂ ಮರೆಸಿದ್ದೇವೆ. ಮೈಸೂರಿನ ಎನ್‌ಐಇ 1946ರದು. ದಾವಣಗೆರೆಯ ಬಿಡಿಟಿ 1951ರದು. ಕಲಬುರಗಿಯ ಪಿಡಿಎ, ಹಾಸನದ ಮಲೆನಾಡು, ಮಂಡ್ಯದ ಪಿಇಎಸ್, ತುಮಕೂರಿನ ಸಿದ್ಧಗಂಗಾ, ಬಾಗಲಕೋಟೆಯ ಬಸವೇಶ್ವರ, ಇವೆಲ್ಲ 1958ರಿಂದ 1963ರ ಒಳಗೆ ಶುರುವಾದವು. ನಾಡಿನ ಅಣೆಕಟ್ಟು, ವಿದ್ಯುತ್ ಕೇಂದ್ರ, ರಸ್ತೆ ಕಟ್ಟಿದ ಎಷ್ಟೋ ಎಂಜಿನಿಯರುಗಳು ಇಲ್ಲಿಂದಲೇ ಬಂದವರು. ನಮ್ಮ ಪಕ್ಕದ ಚಳ್ಳಕೆರೆಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಮನೆ ಊಟ ಮಾಡಿ ಓದಬಹುದು. ಬೆಂಗಳೂರಲ್ಲೇ ಬೇಕು ಅನ್ನುವವರೂ 1917ರಲ್ಲಿ ವಿಶ್ವೇಶ್ವರಯ್ಯನವರು ಶುರು ಮಾಡಿಸಿದ ಯುವಿಸಿಇ ಸರ್ಕಾರದ್ದು, ಶುಲ್ಕ ಕಡಿಮೆ ಅನ್ನುವುದನ್ನು ಕೇಳಿ ಆಶ್ಚರ್ಯಪಡುತ್ತಾರೆ. ಈ ಎಲ್ಲ ಕಾಲೇಜುಗಳೂ ಚೆನ್ನಾಗಿವೆ ಅಂತ ಸರ್ಟಿಫಿಕೇಟ್ ಕೊಡಲು ನಾನು ಯಾರು? ಒಂದರಲ್ಲಿ ಒಂದು ವಿಭಾಗ ಚೆನ್ನಾಗಿರುತ್ತದೆ, ಇನ್ನೊಂದು ಸೊರಗಿರುತ್ತದೆ. ಅದನ್ನು ತಿಳಿಯುವ ದಾರಿ ಬೇಕು, ಅಷ್ಟೇ.

ಪಿಸಿಎಂ ಜೊತೆ ಜೀವಶಾಸ್ತ್ರವೂ ಇರುವ ಪಿಸಿಎಂಬಿ ತೆಗೆದುಕೊಂಡ ಮಕ್ಕಳ ಸ್ಥಿತಿ ಇನ್ನೂ ವಿಚಿತ್ರ. ನೀಟ್‌ನಲ್ಲಿ ಎಂಬಿಬಿಎಸ್ ಬರಲಿಲ್ಲ ಅಂದರೆ ಬದುಕೇ ಮುಗಿಯಿತು ಅನ್ನುವ ಮುಖ. ಅದೇ ಮಗು ಬರೆದ ಸಿಇಟಿಯಲ್ಲಿ ಕೃಷಿ, ತೋಟಗಾರಿಕೆ, ಪಶುವೈದ್ಯಕೀಯ, ಮೀನುಗಾರಿಕೆ, ಫಾರ್ಮಸಿ ಎಲ್ಲದಕ್ಕೂ ರ‍್ಯಾಂಕ್ ಇರುತ್ತದೆ. ಪೊನ್ನಂಪೇಟೆಯಲ್ಲಿ, ಶಿರಸಿಯಲ್ಲಿ ಅರಣ್ಯ ಕಾಲೇಜು ಇದೆ, ಚಿಂತಾಮಣಿಯಲ್ಲಿ ರೇಷ್ಮೆ ಕಾಲೇಜು ಇದೆ, ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಇದೆ ಅಂದರೆ "ಹೌದಾ ಸಾರ್" ಅನ್ನುತ್ತಾರೆ. ರೈತರ ಮಕ್ಕಳಿಗೆ ಕೃಷಿ ಕೋರ್ಸುಗಳಲ್ಲಿ ಬೇರೆ ಕೋಟಾವೇ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಆ ದಿನಾಂಕ ದಾಟಿದ ಮೇಲೆ ನಮ್ಮ ಹತ್ತಿರ ಬರುವವರೇ ಜಾಸ್ತಿ. ಹತ್ತು ಎಕರೆಯಲ್ಲಿ ದಾಳಿಂಬೆ ಬೆಳೆಯುವ ಮನೆಯ ಹುಡುಗಿ ಮೂರನೇ ಸಲ ನೀಟ್ ಬರೆಯಲು ಕೋಚಿಂಗಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಡಾಕ್ಟರ್ ಆಗುವ ಆಸೆ ತಪ್ಪಲ್ಲ. ಆದರೆ ಬೇರೆ ಬಾಗಿಲುಗಳನ್ನು ನೋಡಿ, ಬೇಡ ಅಂದು, ಆಮೇಲೆ ಹೋಗಲಿ. ಅವು ಇರುವುದೇ ಗೊತ್ತಿಲ್ಲದೆ ಹೋಗಬಾರದು.

ಸೀಟು ಬ್ಲಾಕಿಂಗ್ ಬಗ್ಗೆ ಉದ್ದ ಬರೆಯುವುದಿಲ್ಲ. 2024ರಲ್ಲಿ ನಿಮ್ಮ ಪ್ರಾಧಿಕಾರವೇ ಪೊಲೀಸರಿಗೆ ದೂರು ಕೊಟ್ಟಿತು, ಬಂಧನಗಳೂ ಆದವು. ಸೇರುವ ಮನಸ್ಸೇ ಇಲ್ಲದವರ ಹೆಸರಲ್ಲಿ ಬೇಡಿಕೆಯ ಸೀಟು ಹಿಡಿದಿಟ್ಟು, ಕೊನೆಗೆ ಅದನ್ನು ಆಡಳಿತ ಮಂಡಳಿಯ ಸೀಟಾಗಿ ಮಾರುವ ಆಟ ಅದು. ಆ ತನಿಖೆ ಮುಂದುವರಿಯಲಿ. ನಾನು ಹೇಳುವುದು ಇಷ್ಟೇ: ಅಂಥವರು ಗಿರಾಕಿ ಹುಡುಕುವುದು ಗೊಂದಲದಲ್ಲಿ ಇರುವ ಮನೆಗಳಲ್ಲಿ. ತನ್ನ ರ‍್ಯಾಂಕಿಗೆ ಏನು ಸಿಗುತ್ತದೆ, ಎಷ್ಟು ಖರ್ಚಾಗುತ್ತದೆ ಅಂತ ತಿಳಿದ ಅಪ್ಪ ಏಜೆಂಟನ ಫೋನನ್ನು ಅರ್ಧ ನಿಮಿಷದಲ್ಲಿ ಇಡುತ್ತಾನೆ.

ಇನ್ನು ಸಮಯದ ಮಾತು. ಅಣಕು ಹಂಚಿಕೆ ಮಾಡುತ್ತೀರಲ್ಲ, ಅದು ನನ್ನ ಪ್ರಕಾರ ನಿಮ್ಮ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಬುದ್ಧಿವಂತ ಕೆಲಸ. ಎಲ್ಲರ ಆಪ್ಷನ್ ನೋಡಿ ಈಗಿನ ಸ್ಥಿತಿಯಲ್ಲಿ ನಿನಗೆ ಇದು ಸಿಗುತ್ತದೆ ಅಂತ ತೋರಿಸಿ, ಬದಲಾಯಿಸಲು ಅವಕಾಶ ಕೊಡುತ್ತೀರಿ. ಆ ಒಂದು ಫಲಿತಾಂಶ ನೋಡಿದ ಮೇಲೆಯೇ ಮಕ್ಕಳು ನಿಜವಾಗಿ ಯೋಚನೆ ಮಾಡುವುದು. ಅದನ್ನು ಎರಡು ಸಲ ಮಾಡಿ. ಎರಡರ ನಡುವೆ ಒಂದು ಭಾನುವಾರ ಬರುವ ಹಾಗೆ ನೋಡಿಕೊಳ್ಳಿ. ಕೂಲಿಗೆ ಹೋಗುವ ಅಪ್ಪ ಅಮ್ಮ ಮಗಳ ಜೊತೆ ಕೂತು ಮಾತಾಡಲು ಸಿಗುವುದು ಆ ದಿನ ಮಾತ್ರ.

ಕೊನೆಗೆ ನಮ್ಮನ್ನೂ ಬಳಸಿಕೊಳ್ಳಿ. ಪ್ರತಿ ತಾಲ್ಲೂಕಿನಲ್ಲೂ ಸರ್ಕಾರಿ ಪಿಯು ಕಾಲೇಜು ಇದೆ, ಕಂಪ್ಯೂಟರ್ ಇದೆ, ಮಕ್ಕಳ ಹೆಸರು, ಮನೆ, ಸ್ವಭಾವ ಗೊತ್ತಿರುವ ಉಪನ್ಯಾಸಕರಿದ್ದಾರೆ. ಯಾರು ಮನೆ ಬಿಟ್ಟು ಇರಬಲ್ಲರು, ಯಾರಿಗೆ ಇಂಗ್ಲಿಷ್ ತರಗತಿಯಲ್ಲಿ ಮೊದಲ ವರ್ಷ ಕೈ ಹಿಡಿಯುವವರು ಬೇಕು, ಯಾವ ಹುಡುಗ ಗಣಿತದಲ್ಲಿ ನಿಜವಾಗಿ ಗಟ್ಟಿ, ಯಾರು ಬರೀ ಬಾಯಿಪಾಠ ಮಾಡಿ ಅಂಕ ತೆಗೆದ, ಇದು ಯಾವ ಆ್ಯಪ್‌ಗೂ ಗೊತ್ತಿಲ್ಲ. ನಮಗೆ ಗೊತ್ತು. ಆದರೆ ನಮ್ಮಲ್ಲೂ ತುಂಬಾ ಜನಕ್ಕೆ ಚಾಯ್ಸ್ 2ಕ್ಕೂ, ಸಿಕ್ಕ ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವ ಚಾಯ್ಸ್ 3ಕ್ಕೂ ವ್ಯತ್ಯಾಸ ಸರಿಯಾಗಿ ತಿಳಿದಿಲ್ಲ. ವರ್ಷ ವರ್ಷ ನಿಯಮ ಸ್ವಲ್ಪ ಸ್ವಲ್ಪ ಬದಲಾಗುವುದರಿಂದ ತಿಳಿದವರೂ ಹಿಂಜರಿಯುತ್ತಾರೆ. ಕಾಲೇಜಿಗೆ ಇಬ್ಬರಿಗೆ ತರಬೇತಿ ಕೊಡಿ. ಆಪ್ಷನ್ ಎಂಟ್ರಿ ನಡೆಯುವ ದಿನಗಳಲ್ಲಿ ಅವರನ್ನು ಬೇರೆ ಕೆಲಸಕ್ಕೆ ಹಾಕಬೇಡಿ ಅಂತ ಪಿಯು ಇಲಾಖೆಗೆ ಬರೆಯಿರಿ. ಖಾಸಗಿ ಕಾಲೇಜಿನಿಂದ ಕಮಿಷನ್ ಪಡೆದು ಮಕ್ಕಳನ್ನು ಕಳಿಸುವ ಮೇಷ್ಟ್ರುಗಳೂ ನಮ್ಮ ನಡುವೆ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಅಂಥವರ ಮೇಲೆ ಕ್ರಮ ಅಂತ ಅದೇ ಪತ್ರದಲ್ಲಿ ಒಂದು ಸಾಲು ಸೇರಿಸಿ.

ಸಿಇಟಿ ನಡೆಯುವುದು ಏಪ್ರಿಲ್‌ನಲ್ಲಿ. ಅಲ್ಲಿಂದ ರ‍್ಯಾಂಕ್ ಬರುವವರೆಗೆ ಒಂದು ತಿಂಗಳಿಗೂ ಜಾಸ್ತಿ ಸಮಯ ಸುಮ್ನೆ ಹೋಗುತ್ತದೆ. ಮಕ್ಕಳು ಮನೆಯಲ್ಲೇ ಇರುತ್ತಾರೆ, ನಮ್ಮ ಕಂಪ್ಯೂಟರ್ ಕೋಣೆಗಳು ಖಾಲಿ ಇರುತ್ತವೆ. ಬರುವ ವರ್ಷ ಆ ಸಮಯದಲ್ಲಿ ಹಾಳೆಗಳನ್ನು ಹೊರಗೆ ಬಿಡಿ, ತರಬೇತಿಯನ್ನೂ ಆಗಲೇ ಮುಗಿಸಿ. ರಾಜ್ಯಕ್ಕೆಲ್ಲ ಒಂದೇ ಸಲ ಕಷ್ಟ ಅನಿಸಿದರೆ ಚಿತ್ರದುರ್ಗ ಜಿಲ್ಲೆಯಲ್ಲಿ ಮಾಡಿ ನೋಡಿ. ನಮ್ಮ ತಾಲ್ಲೂಕಿನಲ್ಲಿ ಕೂತು ಮಕ್ಕಳಿಗೆ ತೋರಿಸಲು ನಾನೂ ನನ್ನ ಇಬ್ಬರು ಸಹೋದ್ಯೋಗಿಗಳೂ ತಯಾರಿದ್ದೇವೆ. ಭತ್ಯೆ ಬೇಡ, ಆದೇಶ ಮಾತ್ರ ಬೇಕು. ಆದೇಶ ಇಲ್ಲದೆ ಮಾಡಿದರೆ ನಮ್ಮ ಪ್ರಾಂಶುಪಾಲರು ಕೀ ಕೊಡುವುದಿಲ್ಲ.

ಇಂತಿ,
ಹಿರಿಯೂರು ತಾಲ್ಲೂಕಿನ ಒಬ್ಬ ಭೌತವಿಜ್ಞಾನ ಉಪನ್ಯಾಸಕ